ಏಳು ಸಹಿ, ಒಂದು ವಿಮಾನ

ಎಲ್ಲ ಎಡವಟ್ಟಿಗೂ ಕಾರಣ ಒಂದು ಹಾಳೆ. ಪಂಪ್‌ಸೆಟ್ ಕಂಪನಿಯಲ್ಲಿ ಸೇಲ್ಸ್‌ನವರಿಗೆ ವಿಮಾನದ ಟಿಕೆಟ್ ಮಾಡಿಸುವ ಗುಮಾಸ್ತ ಮೂರು ವರ್ಷದಿಂದ ತಾತ್ಕಾಲಿಕ ನೌಕರ. ಬೆಳಿಗ್ಗೆ ಮ್ಯಾನೇಜರು ಆ ಹಾಳೆಯನ್ನು ಅವನ ಮುಂದಿಟ್ಟರು.

“ಇನ್ಮೇಲೆ ನಮ್ಮವರೆಲ್ಲ ಒಂದೇ ಏರ್‌ಲೈನ್‌ನಲ್ಲಿ ಓಡಾಡ್ಬೇಕು. ಯಾವುದು ಅಂತ ನೀನೇ ಆರಿಸು. ಐದು ಗಂಟೆ ಒಳಗೆ ಏಳು ಸೇಲ್ಸ್‌ನವರ ಸಹಿನೂ ಹಾಕಿಸ್ಕೊಂಡು ಬಂದ್ರೆ ನಿನ್ನ ಕೆಲಸ ಖಾಯಂ.”

ಗುಮಾಸ್ತ ಆ ಕ್ಷಣವೇ ಹೆಂಡತಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟ. ಪಾಪ, ತಡೆದುಕೊಳ್ಳಲಾಗಲಿಲ್ಲ.

ಅವನು ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಹತ್ತಿದವನಲ್ಲ. ಆದ್ದರಿಂದ ಏಳೂ ಜನರಿಗೆ ಒಂದೊಂದು ಚೀಟಿ ಕೊಟ್ಟು, ನಿಮಗೆ ಯಾವುದು ಮುಖ್ಯವೋ ಬರೆಯಿರಿ ಎಂದ. ಕಾಲು ಚಾಚಲು ಜಾಗ, ಬಿಸಿ ಊಟ, ಹಾರಿದ್ದಕ್ಕೆ ಸಿಗುವ ಪಾಯಿಂಟು ಎಂದೆಲ್ಲ ಬರುತ್ತದೆ ಅಂದುಕೊಂಡಿದ್ದ. ಏಳು ಚೀಟಿಯಲ್ಲೂ ಒಂದೇ ಉತ್ತರ: ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ಇಷ್ಟು ಸುಲಭವೇ ಎಂದು ಅವನಿಗೇ ನಾಚಿಕೆಯಾಯಿತು. ತಡವೆಂಬುದನ್ನೇ ಅರಿಯದ ಹಸಿರು ಬಾಲದ ವಿಮಾನದ ಕಂಪನಿಯನ್ನು ಆರಿಸಿ, ಹಾಳೆ ಹಿಡಿದು ಹೊರಟ.

ಮೊದಲನೆಯವನು ಪೆನ್ನಿಲ್ಲ ಎಂದ. ಪೆನ್ನು ಕೊಟ್ಟರೆ ಕೈನೋವು ಎಂದ. ಎರಡನೆಯವಳಿಗೆ ಆ ಸೀಟಿನಲ್ಲಿ ಕೂತರೆ ಸೊಂಟ ಹಿಡಿಯುತ್ತದಂತೆ. ಇನ್ನೊಬ್ಬನಿಗೆ ಹಸಿರು ಬಣ್ಣ ಕಂಡರಾಗದು. ನಾಲ್ಕೂವರೆಯಾದರೂ ಹಾಳೆಯ ಮೇಲೆ ಬಿದ್ದದ್ದು ಕಾಫಿಯ ಕಲೆಯೊಂದೇ.

ಕೊನೆಗೆ, ಎಲ್ಲರಿಗಿಂತ ಹಿರಿಯನಾದ ‘ದೊಡ್ಡಣ್ಣ’ ಅವನನ್ನು ಮೆಟ್ಟಿಲ ಬಳಿಗೆ ಎಳೆದೊಯ್ದ.

“ನಿನಗೇನು ತಲೆ ಕೆಟ್ಟಿದೆಯೇನಯ್ಯ? ಶುಕ್ರವಾರ ವಿಮಾನ ಹೊತ್ತಿಗಿಳಿದ್ರೆ ಸೀದಾ ಇಲ್ಲಿಗೆ ಬಂದು, ಮ್ಯಾನೇಜರ್ ಸಾಹೇಬ್ರ ಮೀಟಿಂಗ್‌ನಲ್ಲಿ ಎಂಟರ ತನಕ ಉಗಿಸ್ಕೋಬೇಕು. ತಡವಾಯ್ತು ಅನ್ನು, ಸೀದಾ ಮನೆ. ವಾರಕ್ಕೊಂದಿನ ನಾನು ಮಗಳ ಜೊತೆ ಕೂತು ಉಣ್ಣೋದು ಆವತ್ತೇ.”

“ಮತ್ತೆ ಚೀಟಿಲಿ ಹಾಗೆ ಬರೆದ್ರಲ್ಲ?”

“ಚೀಟಿ ಓದೋರು ಯಾರು? ಸಾಹೇಬ್ರು. ಇನ್ನೇನು ಬರೀಲಿ?”

ಗುಮಾಸ್ತನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ಗಡಿಯಾರ ನಿಲ್ಲುತ್ತದೆಯೇ? ಹಸಿರು ಬಾಲವನ್ನು ಹೊಡೆದುಹಾಕಿ, ಹತ್ತರಲ್ಲಿ ಆರು ಸಲ ತಡವಾಗುವ ಹಳದಿ ಬಾಲದ ಹೆಸರು ಬರೆದ. ಹತ್ತೇ ನಿಮಿಷ, ಏಳು ಸಹಿ. ಕೈನೋವಿನವನು ಸಹಿಯ ಕೆಳಗೆ ಗೆರೆ ಕೂಡ ಎಳೆದ.

ಐದಕ್ಕೆ ಐದು ನಿಮಿಷವಿರುವಾಗ ಮ್ಯಾನೇಜರು ಹಾಳೆ ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

“ಇದು ಯಾವಾಗ್ಲೂ ತಡ ಅಲ್ವಾ?”

“ಹೌದು ಸಾರ್. ಆದ್ರೂ ಏಳೂ ಜನ ಒಪ್ಪಿದಾರೆ.”

“ಖರ್ಚು ಕಮ್ಮಿ, ರೈಲು ಯಾಕೆ ಬೇಡ ಅಂತ ಕೇಳಿದಾಗೆಲ್ಲ, ವಿಮಾನದಲ್ಲಿ ಟೈಮ್ ಉಳಿಯುತ್ತೆ ಸಾರ್ ಅಂತ ಇವರು ನನ್ನ ಬಾಯಿ ಮುಚ್ಚಿಸೋರು.” ಮ್ಯಾನೇಜರ ಮುಖ ಅರಳಿತು. “ಈಗ ಅವರೇ ಬರೆದುಕೊಟ್ಟಿದಾರೆ, ಯಾರಿಗೂ ಅವಸರ ಇಲ್ಲ ಅಂತ. ಸೋಮವಾರದಿಂದ ಎಲ್ರೂ ರೈಲು. ಟಿಕೆಟ್ ಅವರವರೇ ಮಾಡಿಸ್ಕೊಳ್ಳಲಿ. ಭೇಷ್ ಕಣಯ್ಯ, ನನ್ನ ಕೈಲಿ ಆಗದ್ದನ್ನ ಮಾಡಿದೆ.”

ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ನನ್ನ ಖಾಯಂ?”

“ಟಿಕೆಟ್ ಟೇಬಲ್ಲೇ ಇಲ್ಲ ಅಂದ್ಮೇಲೆ ಯಾವ ಟೇಬಲ್‌ಗೆ ಖಾಯಂ ಮಾಡ್ಲಿ, ನೀನೇ ಹೇಳು.”

ಹೊರಗೆ ಬಂದರೆ ಅವನ ಮೇಜಿನ ಸುತ್ತ ಏಳೂ ಜನ ಮದುವೆ ಮನೆಯವರಂತೆ ನಿಂತಿದ್ದರು. ದೊಡ್ಡಣ್ಣ ಅವನ ಹೆಗಲ ಮೇಲೆ ಕೈ ಹಾಕಿದ.

“ಸೋಮವಾರದ್ದು ನಂಗೆ ಕಿಟಕಿ ಪಕ್ಕ ಸಿಗುತ್ತೇನಪ್ಪ?”

“ಖಂಡಿತ ಸಿಗುತ್ತೆ ದೊಡ್ಡಣ್ಣ,” ಎಂದ ಗುಮಾಸ್ತ, ಮೇಜಿನ ಖಾನೆಯಿಂದ ತನ್ನ ಊಟದ ಡಬ್ಬಿ ತೆಗೆದುಕೊಳ್ಳುತ್ತ. “ಒಂದೂವರೆ ದಿನ ಕೂತು ನೋಡ್ಕೊಂಡು ಹೋಗಿ.”