ಟೈಮ್‌ಲೈನಿಗೆ ನನ್ನ ಮೇಲೇನು ಕೋಪ?

ನಮ್ಮ ಮನೆಯ ಕಂಪ್ಯೂಟರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ. ನೀವೂ ನಗಿ, ಬೇಡ ಎನ್ನುವುದಿಲ್ಲ. ಪೂರ್ತಿ ಕೇಳಿಸಿಕೊಂಡು ನಗಿ, ಅಷ್ಟೆ.

ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಟೀಚರು. ಆ ಮಕ್ಕಳಿಗೆ ಕೇಳಿಸಲು ಪಾಠಗಳ ರೆಕಾರ್ಡಿಂಗ್ ಬೇಕಿತ್ತು. ನನ್ನ ಹೆಂಡತಿಯ ಗಂಟಲು ಗಟ್ಟಿಯಾದದ್ದು (ಈ ವಿಷಯದಲ್ಲಿ ನನಗಿಂತ ಅನುಭವಸ್ಥರು ಇನ್ನೊಬ್ಬರಿಲ್ಲ). ಅವಳು ಜೇನುಹುಳುಗಳ ಪಾಠವನ್ನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಓದಿ ರೆಕಾರ್ಡ್ ಮಾಡಿದಳು. ಓದಿದ್ದೇನೋ ಚೆನ್ನಾಗಿತ್ತು. ಆದರೆ ರಾಣಿಜೇನು ಗೂಡು ಬಿಟ್ಟು ಹೊರಡುವಷ್ಟರಲ್ಲಿ ಕುಕ್ಕರು ಸೀಟಿ ಹೊಡೆದಿತ್ತು, ಮಕರಂದ ಹೀರುವ ಕಡೆ ಕೆಮ್ಮು ಬಂದಿತ್ತು, ಇನ್ನೊಂದು ಕಡೆ ಹೊರಗಿನಿಂದ ನಮ್ಮ ಅತ್ತೆಯವರು "ಹಾಲು ಆರಿಸಿದ್ಯೇನೇ?" ಎಂದು ಕೇಳಿದ್ದರು. ಇವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಮಾರನೆಯ ದಿನವೇ ಮಕ್ಕಳಿಗೆ ಪರೀಕ್ಷೆ. ಸಂಜೆಯೊಳಗೆ ಪಾಠ ಅವರ ಕಿವಿ ಮುಟ್ಟಬೇಕು.

"ತಿಳಿದೋರು ಯಾರ ಹತ್ರಾದ್ರೂ ಕೊಡೋಣ ರೀ," ಎಂದಳು ಹೆಂಡತಿ.

"ತಿಳಿದೋನು ಮನೇಲೇ ಇರುವಾಗ ಹೊರಗೆ ಯಾಕೆ ಹುಡುಕ್ತೀಯ?" ಎಂದೆ.

ಅವಳು ಸುತ್ತಮುತ್ತ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಧ್ವನಿ ಕತ್ತರಿಸುವ ಸಾಫ್ಟ್‌ವೇರ್ ಹಾಕಿಕೊಂಡು ಧ್ವನಿಸಂಕಲನಾಚಾರ್ಯ ಪೀಠವನ್ನು ಅಲಂಕರಿಸಿದೆ. ನೋಡಲು ಸೊಗಸಾದ ವಸ್ತು ಅದು. ಹೆಂಡತಿಯ ಮಾತೆಲ್ಲ ತೆರೆಯ ಮೇಲೆ ಎಡದಿಂದ ಬಲಕ್ಕೆ ಏರಿಳಿಯುವ ಉದ್ದನೆಯ ಅಲೆಯಾಗಿ ಬಿದ್ದುಕೊಂಡಿರುತ್ತದೆ. ಅದಕ್ಕೆ ಟೈಮ್‌ಲೈನ್ ಎನ್ನುತ್ತಾರೆ. ಮೌಸಿನ ಚಕ್ರ ತಿರುಗಿಸಿದರೆ ಅಲೆ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಬೇಕಾದ ಕಡೆ ನಿಲ್ಲಿಸಿ, ಬೇಡದ್ದನ್ನು ಕತ್ತರಿಸಿದರೆ ಆಯಿತು. ಹೆಂಡತಿಯ ಮಾತನ್ನು ಬೇಕಾದಲ್ಲಿ ನಿಲ್ಲಿಸುವ ಸೌಲಭ್ಯ! ಇದನ್ನು ಕಂಡುಹಿಡಿದವನು ಖಂಡಿತ ಮದುವೆಯಾದವನೇ ಇರಬೇಕು.

ಕೆಮ್ಮು ಎಲ್ಲಿದೆಯೆಂದು ಮುಂದಕ್ಕೆ ಬಾಗಿ ಚಕ್ರ ತಿರುಗಿಸಿದೆ. ಅಲೆ ಸರಿಯಲಿಲ್ಲ, ಹಿಗ್ಗಿತು! 'ಜೇನು' ಎಂಬ ಪದದ 'ಜೇ' ಒಂದೇ ತೆರೆಯ ತುಂಬ ಬೆಟ್ಟದಂತೆ ನಿಂತಿತು. ಜೂಮ್ ಆದದ್ದು ಅದು, ಜುಮ್ ಎಂದದ್ದು ನನ್ನ ಮೈ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದೆ. ಇಡೀ ಪಾಠ ಕುಗ್ಗಿ, ಒಣಗಿದ ಕಂಬಳಿಹುಳುವಾಗಿ ಒಂದು ಮೂಲೆಗೆ ಬಿತ್ತು. ಅದರಲ್ಲಿ ಕೆಮ್ಮು ಯಾವುದು, ಕುಕ್ಕರ್ ಯಾವುದು?

ಬೇಸರದಿಂದ ಕುರ್ಚಿಗೆ ಒರಗಿ ಸುಮ್ಮನೆ ಚಕ್ರ ತಿರುಗಿಸಿದೆ. ಅಲೆ ಸಾಧುಪ್ರಾಣಿಯಂತೆ ಸರಿಯಿತು. ಆಹಾ ಎಂದು ಮುಂದಕ್ಕೆ ಬಾಗಿದೆ. ಮತ್ತೆ ಬೆಟ್ಟ!

ಇಲ್ಲಿಗೆ ನನ್ನ ಕೋಪ ಹೋಗಿ ಕುತೂಹಲ ಶುರುವಾಯಿತು. ಮೌಸಿನ ಬ್ಯಾಟರಿ ಬದಲಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದೆ. ಊಹೂಂ. ಅದನ್ನು ಬಳಸುವವರದೊಂದು ಗುಂಪು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅಲ್ಲಿ ನನ್ನ ಫೋಟೋ ಸಮೇತ ಸೇರಿಕೊಂಡು, 'ಟೈಮ್‌ಲೈನ್ ಸರಿಯಬೇಕಾದಾಗ ಹಿಗ್ಗುತ್ತದೆ. ದೋಷ ನಿಮ್ಮ ಸಾಫ್ಟ್‌ವೇರಿನದೇ. ಬಲ್ಲವರು ಉತ್ತರಿಸಿ' ಎಂದು ಕಟುವಾಗಿ ಬರೆದು ಹಾಕಿದೆ.

"ಏಳ್ರೀ, ನಾನೊಂದ್ಸಲ ನೋಡ್ತೀನಿ," ಎಂದು ಹೆಂಡತಿ ಕುರ್ಚಿಯಲ್ಲಿ ಕೂತಳು. ಅಲೆ ನೀರಿನಂತೆ ಹರಿಯಿತು. ಮುಂದಕ್ಕೆ ಬಾಗಿದಳು. ಆಗಲೂ ಹರಿಯಿತು.

"ಸರಿಯಾಗೇ ಇದೆಯಲ್ರೀ!"

"ಎಲ್ಲಿ, ಏಳು." ಕೂತೆ. ಬಾಗಿದೆ. ಬೆಟ್ಟ!

ದಾರದ ಉಂಡೆ ಹಿಡಿದು ಸ್ವೆಟರ್ ಹೆಣೆಯುತ್ತಿದ್ದ ಅತ್ತೆಯವರನ್ನೂ ಕರೆತಂದು ಕೂರಿಸಿದೆವು. ಜನ್ಮದಲ್ಲಿ ಮೌಸು ಮುಟ್ಟದವರು. "ಅಯ್ಯೋ, ಎಷ್ಟು ಚೆನ್ನಾಗಿ ಜಾರತ್ತೇ ಇದು!" ಎಂದು ಸಂಭ್ರಮದಿಂದ ಜೇನುಗೂಡಿನ ಈ ತುದಿಯಿಂದ ಆ ತುದಿಗೆ ಓಡಾಡಿ ಬಂದರು.

"ನೋಡಿದ್ರಾ? ತೊಂದರೆ ಕಂಪ್ಯೂಟರಿಂದಲ್ಲ," ಎಂದಳು ಹೆಂಡತಿ.

"ಮತ್ತಿನ್ನಾರದು?"

"ನಾನು ಬಾಯಿ ಬಿಟ್ಟು ಹೇಳ್ಬೇಕಾ?"

ನನ್ನ ಶರೀರದಲ್ಲಿ ವಿದ್ಯುತ್ ಜಾಸ್ತಿಯಿದ್ದೀತು ಎಂದು ರಬ್ಬರ್ ಚಪ್ಪಲಿ ಹಾಕಿಕೊಂಡು ಕೂತೆ. ಬೆಟ್ಟ. ಕನ್ನಡಕ ತೆಗೆದು ಕೂತೆ. ಬೆಟ್ಟವಿತ್ತು, ಆದರೆ ಕಾಣಿಸಲಿಲ್ಲ. ನಿಂತುಕೊಂಡು ತಿರುಗಿಸಿದೆ. ಸರಿಯಿತು! ಕೂತು, ಉಸಿರು ಒಳಗೆಳೆದು ಬಿಗಿಹಿಡಿದೆ. ಆಗಲೂ ಸರಿಯಿತು! ಉಸಿರು ಬಿಟ್ಟೆ. ಬೆಟ್ಟ!

"ಸಿಕ್ಕಿತು ಕಣೇ!" ಎಂದು ಕೂಗಿದೆ. "ನನ್ನ ಉಸಿರು ಮೈಕಿಗೆ ತಗಲ್ತಿದೆ. ಅದನ್ನ ಕೇಳಿಸ್ಕೊಂಡು ಇದು ಹಿಗ್ಗತ್ತೆ!"

"ನಾವ್ಯಾರೂ ಉಸಿರಾಡಲ್ವಾ?"

"ನಿಮ್ಮ ಉಸಿರಿಗೂ ಗಂಡಸಿನ ಉಸಿರಿಗೂ ವ್ಯತ್ಯಾಸ ಇರತ್ತೆ."

ಮೈಕು ಕಿತ್ತು ಪಕ್ಕಕ್ಕಿಟ್ಟೆ. ಉಸಿರು ಬಿಟ್ಟೆ. ಬೆಟ್ಟ. ಹೆಂಡತಿ ಗಡಿಯಾರ ನೋಡಿದಳು. ಅಷ್ಟರಲ್ಲಿ ನಾದಿನಿಯ ಫೋನು: "ಭಾವ, ಪಾಠ ಆಯ್ತಾ? ಮಕ್ಕಳು ಕೇಳಿ ಕೇಳಿ ನನ್ನ ತಲೆ ತಿಂತಿದಾರೆ." ಆಗುತ್ತಾ ಬಂತು ಎಂದೆ. ಉಸಿರು ಬಿಗಿಹಿಡಿದೇ ಕೆಲಸ ಮಾಡಲು ಹೊರಟು, ಮೊದಲ ಕೆಮ್ಮು ತೆಗೆಯುವಷ್ಟರಲ್ಲಿ ನನಗೇ ಕೆಮ್ಮು ಹತ್ತಿತು.

ಆಗಲೇ ಅತ್ತೆಯವರ ದಾರದ ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು. ಹೆಕ್ಕಲು ಬಾಗಿದವರು ಅಲ್ಲೇ ನಿಂತುಬಿಟ್ಟರು.

"ಅಳಿಯಂದಿರೇ, ಸ್ವಲ್ಪ ಹಿಂದೆ ಒರಗಿ."

ಒರಗಿದೆ.

"ಈಗ ಮುಂದೆ ಬಾಗಿ."

ಬಾಗಿದೆ. ಅವರು ಮೆಲ್ಲನೆ ಎದ್ದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಾನು ಹೇಗೆ ಹೇಳಲಿ, ಅಳಿಯಂದಿರ ವಿಷಯ," ಎಂದು ಮಗಳ ಕಿವಿಯಲ್ಲಿ ಏನೋ ಉಸುರಿದರು. ಹೆಂಡತಿ ಬಗ್ಗಿ ನೋಡಿದಳು. ಆಮೇಲೆ ನಕ್ಕು ನಕ್ಕು ನೆಲಕ್ಕೇ ಕೂತಳು.

ವಿಷಯ ಇಷ್ಟೆ. ಮೇಜಿನ ಕೆಳಗಿನಿಂದ ಹೊರಕ್ಕೆಳೆಯುವ ಹಲಗೆಯ ಮೇಲೆ ಕೀಬೋರ್ಡು ಇರುತ್ತದೆ. ಮೌಸಿಗೆ ಜಾಗ ಸಾಲದೆಂದು ನಾನು ಅದನ್ನು ಓರೆಯಾಗಿ ಸರಿಸಿದ್ದೆ. ಅದರ ಮೂಲೆ ಹೊರಚಾಚಿ ನನ್ನ ಕಡೆ ಬಂದಿತ್ತು. ಆ ಮೂಲೆಯಲ್ಲಿರುವುದು ಕಂಟ್ರೋಲ್ ಎಂಬ ಕೀಲಿ. ಅದನ್ನು ಒತ್ತಿಕೊಂಡು ಚಕ್ರ ತಿರುಗಿಸಿದರೆ ಅಲೆ ಸರಿಯುವ ಬದಲು ಹಿಗ್ಗುತ್ತದೆ, ಕುಗ್ಗುತ್ತದೆ. ಒತ್ತುತ್ತಿದ್ದದ್ದು ನನ್ನ ಕೈಯಲ್ಲ. ನಾನು ಕುತೂಹಲದಿಂದ ಬಾಗಿದಾಗಲೆಲ್ಲ ಹಲಗೆಯ ಅಂಚು ದಾಟಿ ಮುಂದೆ ಹೋಗಿ ವಿರಾಜಮಾನವಾಗುತ್ತಿದ್ದದ್ದು ನನ್ನ ಉದರ.

"ಇವರ ಹೊಟ್ಟೆಗೆ ಕಂಟ್ರೋಲೇ ಇಲ್ಲ ಅಂದ್ಕೊಂಡಿದ್ದೆ ಅಮ್ಮಾ," ಎಂದಳು ಹೆಂಡತಿ ಕಣ್ಣೊರೆಸಿಕೊಂಡು, "ಕಂಟ್ರೋಲ್ ಪೂರ್ತಿ ಅದರ ಕೈಲೇ ಇದೆ!"

ಕೀಬೋರ್ಡು ನೇರ ಮಾಡಿ ಒಳಕ್ಕೆ ತಳ್ಳಿದೆ. ಅಲೆ ಸಲೀಸಾಗಿ ಹರಿಯಿತು. ಕೆಮ್ಮು, ಕುಕ್ಕರು, ಹಾಲು ಎಲ್ಲವನ್ನೂ ಕತ್ತರಿಸಿ, ಹೊತ್ತು ಮುಳುಗುವ ಮುನ್ನ ಪಾಠ ಕಳಿಸಿದೆ. ನಾದಿನಿ ಮತ್ತೆ ಫೋನು ಮಾಡಿದಳು. "ಭಾವ, ಎಲ್ರೂ ಸುತ್ತ ಕೂತು ಕೇಳಿದ್ರು. ಹುಳು ರೆಕ್ಕೆ ಬಡಿಯೋದು ಇನ್ನೊಂದ್ಸಲ ಹಾಕಿ ಅಂತ ಒಂದೇ ಗಲಾಟೆ." ನನ್ನ ಎದೆ ಉಬ್ಬಿತು. (ಎದೆಯೇ. ಮುಟ್ಟಿ ನೋಡಿಕೊಂಡೆ.)

ಅಲ್ಲಿಗೆ ಮುಗಿಯಬೇಕಿತ್ತು. ಇಂಟರ್ನೆಟ್ಟಿನ ಗುಂಪಿನಲ್ಲಿ ನನ್ನ ಪ್ರಶ್ನೆಗೆ ಉತ್ತರಗಳು ಬಂದು ಬಿದ್ದಿದ್ದವು. ಒಬ್ಬರು ಹೊಸ ಕಂಪ್ಯೂಟರ್ ಕೊಳ್ಳಿ ಎಂದಿದ್ದರು. ಇನ್ನೊಬ್ಬರು, 'ನನಗೂ ಇದೇ ಕಾಟ ಸಾರ್, ನಿದ್ದೆಯಿಲ್ಲ. ಪರಿಹಾರ ಸಿಕ್ಕರೆ ದಯವಿಟ್ಟು ತಿಳಿಸಿ' ಎಂದು ಅಂಗಲಾಚಿದ್ದರು.

"ಪಾಪ, ಬರೀರಿ," ಎಂದಳು ಹೆಂಡತಿ.

'ಕೀಲಿಯ ಮೇಲೆ ಬಾಹ್ಯ ವಸ್ತುವೊಂದರ ಒತ್ತಡವೇ ಕಾರಣ' ಎಂದು ಘನತೆಯಿಂದ ಬರೆದೆ.

'ಯಾವ ವಸ್ತು?' ಎಂದರು ಅವರು.

'ಮೆತ್ತಗಿನ ವಸ್ತು.'

'ದಿಂಬೇ?'

ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೇ ಪದ ಟೈಪು ಮಾಡಿ ಕಳಿಸಿದಳು. ಆಮೇಲೆ ಉತ್ತರ ಬಂತು: 'ಬಗ್ಗಿ ನೋಡಿದೆ. ನನ್ನದೂ ಅದೇ. ನಿಮ್ಮ ಉಪಕಾರ ಮರೆಯಲಾರೆ.'

ಗುಂಪು ನಡೆಸುವವರು ಅದನ್ನು ಅತ್ಯುತ್ತಮ ಪರಿಹಾರವೆಂದು ಘೋಷಿಸಿ, ನನ್ನ ಫೋಟೋ ಸಹಿತ ಎಲ್ಲಕ್ಕಿಂತ ಮೇಲೆ ಅಂಟಿಸಿದ್ದಾರೆ. ಈಗ ಯಾರು ಟೈಮ್‌ಲೈನ್ ತೊಂದರೆ ಎಂದು ಬಂದರೂ ಮೊದಲು ನನ್ನ ದರ್ಶನ. ಮೊನ್ನೆ ಹೊಸಬರೊಬ್ಬರು, 'ಫೋಟೋದಲ್ಲಿ ಅಂಥಾ ಹೊಟ್ಟೆಯೇನೂ ಕಾಣಿಸುವುದಿಲ್ಲವಲ್ಲ?' ಎಂದು ಕೇಳಿದ್ದರು. ಲೋಕದಲ್ಲಿ ಒಳ್ಳೆಯವರು ಇನ್ನೂ ಇದ್ದಾರೆ ಎಂದುಕೊಂಡು ಕೆಳಗೆ ನೋಡಿದರೆ, ನಮ್ಮ ಮನೆಯಿಂದಲೇ ಉತ್ತರ ಹೋಗಿದೆ:

'ಅದು ಮದುವೆಗೆ ಮುಂಚಿನ ಫೋಟೋ. ಇಂತಿ, ಅವರ ಅತ್ತೆ.'