ಕೆಂಪಿಗೆ ಕೆಂಪು

ಎರಡು ತಂಡಗಳೂ ಕೆಂಪು ಅಂಗಿ ತೊಟ್ಟು ಮೈದಾನಕ್ಕಿಳಿದದ್ದನ್ನು ನೋಡಿ ಲೀಗಿನ ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು.

ಸೈಕಲ್ ರಿಪೇರಿ ಅಂಗಡಿಯ ಈತ ಸುತ್ತಲ ಊರುಗಳ ಹುಡುಗಿಯರ ಫುಟ್‌ಬಾಲ್ ಲೀಗನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಫೈನಲ್‌ವರೆಗೆ ತಂದಿದ್ದ. ಇವತ್ತು ಆಟ ನಿಂತರೆ ಮೈದಾನ ನಾಳೆಯಿಂದ ಲಾರಿ ನಿಲ್ಲಿಸುವವರ ಪಾಲು.

“ಯಾರು ಯಾರಿಗೆ ಒದೀತಿದಾರೆ ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು?” ಎಂದರು ರೆಫರಿ. “ಅರ್ಧ ಗಂಟೆ ಕೊಡ್ತೀನಿ. ಒಂದು ತಂಡ ಅಂಗಿ ಬದಲಾಯಿಸ್ಲಿ. ಇಲ್ದಿದ್ರೆ ಆಟ ರದ್ದು.”

“ಆಡಿಸೇ ಆಡಿಸ್ತೀನಿ ಸರ್!”

“ಒಂದು ತಂಡ ಅಂಗಿ ತಿರುವಿ ಹಾಕ್ಕೊಳ್ಲಿ” ಎಂದು ಮೈದಾನದ ಪಕ್ಕದ ಮನೆಯ ಪಿಂಚಣಿದಾರರೊಬ್ಬರು ಉಪಾಯ ಹೇಳಿದರು. ತಿರುವಿ ನೋಡಿದರು. ಒಳಗೂ ಕೆಂಪೇ.

ಕೆಳಪೇಟೆ ತಂಡದ ಕೋಚು ಕಾರ್ಯದರ್ಶಿಯ ಹೆಂಡತಿಯ ಅಣ್ಣ, ಲಾಂಡ್ರಿ ಇಟ್ಟವನು. ಕಾರ್ಯದರ್ಶಿ ಮೊದಲು ಅವನನ್ನೇ ಹಿಡಿದ.

“ಭಾವ, ನೀವಾದ್ರೂ ಅಂಗಿ ಬದಲಾಯಿಸಿ.”

“ತಂಗೀನ ಕೊಟ್ಟಾಯ್ತು, ಇನ್ನು ಅಂಗೀನೂ ಬಿಡ್ಬೇಕಾ?” ಭಾವ ಇಸ್ತ್ರಿಪೆಟ್ಟಿಗೆಯಂತೆ ಕಾದ.

ಮೇಲ್ಪೇಟೆ ಕೋಚು ಬೇಕರಿಯವನು. ಒಲೆ ನೋಡಿ ಬರುತ್ತೇನೆಂದು ಅಂಗಡಿಗೆ ಹೋಗಿದ್ದ. ಕಾರ್ಯದರ್ಶಿ ಎದ್ದೆನೋ ಬಿದ್ದೆನೋ ಎಂದು ಓಡಿದ.

“ಕೆಂಪು ಬಿಟ್ರೆ ನಮ್ಮ ಹುಡುಗೀರು ಸೋಲ್ತಾರಪ್ಪ.”

“ಸೋಲೋಕಾದ್ರೂ ಆಟ ನಡೀಬೇಕಲ್ಲ ಮಾರಾಯ! ಮೈದಾನವೇ ಹೋದ್ರೆ ನಿನ್ನ ಹುಡುಗೀರು ಒಲೆ ಮುಂದೆ ಆಡ್ತಾರಾ?”

ಬೇಕರಿಯವನು ಬೆಣ್ಣೆಯಂತೆ ಕರಗಿದ. ಕೆಲಸದವರ ಬಿಳಿ ಅಂಗಿಗಳನ್ನು ಗಂಟು ಕಟ್ಟಿಕೊಟ್ಟ. ಹುಡುಗಿಯರು ಮೊಣಕಾಲಿಗೆ ಬರುವ ಅಂಗಿ ತೊಟ್ಟು, ಮೈದಾಹಿಟ್ಟು ಉದುರಿಸುತ್ತ ಮೈದಾನಕ್ಕಿಳಿದರು. ಕಾರ್ಯದರ್ಶಿ ನೆಮ್ಮದಿಯ ಉಸಿರು ಬಿಟ್ಟ.

ಅಷ್ಟರಲ್ಲಿ ಆಚೆ ಬಾಗಿಲಿಂದ ಕೆಳಪೇಟೆ ತಂಡ ಬಂತು. ಹೋಟೆಲಿನವರು ಲಾಂಡ್ರಿಗೆ ಹಾಕಿದ್ದ ಅಂಗಿಗಳು, ಗಂಜಿ ಹಾಕಿ ಇಸ್ತ್ರಿ ಮಾಡಿದವು, ಹಾಲಿನಷ್ಟು ಬಿಳಿ. ಮುಂದೆ ಕಾರ್ಯದರ್ಶಿಯ ಹೆಂಡತಿ, ಮುಖವೆಲ್ಲ ನಗು.

“ನೀವು ಅಲೆಯೋದು ನೋಡ್ಲಾರ್ದೆ ಅಣ್ಣನ್ನ ನಾನೇ ಒಪ್ಪಿಸ್ದೆ ಕಣ್ರೀ!”

“ಈಗ ಯಾರು ಕೆಂಪಿಗೆ ವಾಪಸ್ಸು?” ಎಂದರು ರೆಫರಿ.

ಇಡೀ ಲೀಗಿನಲ್ಲಿ ಒಂದು ಮಾತಿಗೂ ಒಪ್ಪದ ಕೋಚುಗಳಿಬ್ಬರೂ ಒಂದೇ ದನಿಯಲ್ಲಿ ಹೇಳಿದರು: “ನಾವಂತೂ ಅಲ್ಲ!”

ಕಾರ್ಯದರ್ಶಿ ಬೆವರೊರೆಸಿಕೊಂಡ.

“ಸರ್, ಇನ್ನರ್ಧ ಗಂಟೆ ಕೊಡಿ” ಎಂದವನೇ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದ. “ಬಾ. ನಾನು ಯಾರ ಹತ್ರ ಹೋಗ್ತೀನೋ, ನೀನೂ ಅವ್ರ ಹತ್ರಾನೇ ಬಾ.”