ರೇಷ್ಮೆ ಪಂಚೆಯಲ್ಲಿ ಬಾಯ್ಲರ್ ರಿಪೇರಿ

ಯಂತ್ರಗಳಿಗೆ ಪಂಚಾಂಗ ಓದಲು ಬರುತ್ತದೆ ಎಂಬುದು ಇಪ್ಪತ್ತೆರಡು ವರ್ಷಗಳ ದುಡಿಮೆಯಲ್ಲಿ ನಾನು ಕಂಡುಕೊಂಡ ಸತ್ಯ. ಕೆಲಸವಿಲ್ಲದ ಮಂಗಳವಾರ ಅವು ಕೆಡುವುದಿಲ್ಲ. ಯುಗಾದಿಯ ದಿನ ನಾನು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲಿ ಕೂತಿರಬೇಕು, ಆಗ ಕೆಡುತ್ತವೆ. ಪೀಣ್ಯದಲ್ಲಿ ಹಬೆಯ ಬಾಯ್ಲರ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಸರ್ವಿಸ್ ಇಂಜಿನಿಯರ್. ದೊಡ್ಡ ಅಡುಗೆಮನೆ, ಆಸ್ಪತ್ರೆ, ಲಾಂಡ್ರಿ, ಹೀಗೆ ಎಲ್ಲಿ ನಮ್ಮ ಬಾಯ್ಲರ್ ಮುನಿಸಿಕೊಳ್ಳುತ್ತದೋ ಅಲ್ಲಿಗೆ ಓಡುವುದು ನನ್ನ ಪಾಲಿನ ಕೆಲಸ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಯಾರಾದರೂ "ಯಜಮಾನ್ರು ಇಲ್ವಾ?" ಎಂದು ಕೇಳಿದರೆ ನನ್ನ ಹೆಂಡತಿ ಗೀತಾ, "ಕೆಟ್ಟೋಗಿದೆಯಂತೆ ಕಣ್ರೀ, ಹೋಗಿದಾರೆ" ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಎದುರುಮನೆಗೆ ಹೊಸದಾಗಿ ಬಂದವರು ಇದನ್ನು ಕೇಳಿ, ಕೆಟ್ಟಿರುವುದು ನಮ್ಮ ಸಂಸಾರವೇ ಎಂದು ತಿಳಿದು, ಬಹಳ ದಿನ ಅವಳನ್ನು ಕನಿಕರದಿಂದ ನೋಡುತ್ತಿದ್ದರು.

ನಿಮ್ಮಲ್ಲಿ ಮುಚ್ಚಿಡುವುದೇನಿದೆ? ತುರ್ತು ಕರೆ ಬಂದಾಗ ನಾನು ಎಲ್ಲರಿಗೂ ಕೇಳುವಂತೆ "ಥತ್, ಏನ್ ಜನಾನೋ!" ಎಂದು ಗೊಣಗುತ್ತೇನೆ. ಒಳಗೊಳಗೆ ಎದೆ ಉಬ್ಬುತ್ತದೆ. ಈ ಊರಿನಲ್ಲಿ ಲಕ್ಷಾಂತರ ಜನ ಇರುವಾಗ ಒಬ್ಬನು ಬರಲೇಬೇಕು, ಅವನು ನಾನು ಎಂಬ ಭಾವನೆ ಬಿಸಿ ಕಾಫಿಯ ಮೊದಲ ಗುಟುಕಿನಂಥದು. ಅದಕ್ಕೇ ಸಲಕರಣೆಯ ಚೀಲ ಸದಾ ಸ್ಕೂಟರಿನಲ್ಲಿರುತ್ತದೆ. ಗೀತಾಳ ತಮ್ಮ ಮಂಜುನಾಥ ಸಿಂಗಸಂದ್ರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗಲೂ ಇತ್ತು. "ತಮ್ಮನ ಮನೆಗೆ ಬೆಳ್ಳಿ ದೀಪ ತರೋದು ಮರೆತ್ರಿ, ಸ್ಪ್ಯಾನರ್ ಮರೀಲಿಲ್ಲ" ಎಂದು ಅವಳು ಹಿಂದಿನ ದಿನವೇ ಆಡಿ ಮುಗಿಸಿದ್ದಳು.

ಗೃಹಪ್ರವೇಶದ ಬೆಳಿಗ್ಗೆ ಹಾಲು ಉಕ್ಕಿಸಿದ್ದಾಗಿತ್ತು. ಒಂಬತ್ತು ಗಂಟೆಗೆ ಸತ್ಯನಾರಾಯಣ ಪೂಜೆ; ಅಕ್ಕ ಭಾವ ಪಕ್ಕದಲ್ಲೇ ಕೂರಬೇಕೆಂದು ಮಂಜುನಾಥ ಕೇಳಿಕೊಂಡಿದ್ದ. ಅತ್ತೆ ಕೊಟ್ಟ ರೇಷ್ಮೆ ಪಂಚೆ ಉಟ್ಟು, ಬಿಳಿ ಅಂಗಿ ತೊಟ್ಟು, ಶಲ್ಯ ಹೊದ್ದು, ಕನ್ನಡಿಯಲ್ಲಿ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಆಗ ಆರೂವರೆ. ಫೋನ್ ಬಂತು. ವೈಟ್‌ಫೀಲ್ಡಿನಾಚೆಯ ಒಂದು ದೊಡ್ಡ ಅಡುಗೆಮನೆಯ ಬಾಯ್ಲರ್ ನೋಡಿಕೊಳ್ಳುವ ಬಸವರಾಜ, ಗದಗ ಕಡೆಯವನು.

"ಸರ್, ಬರ್ನರ್ ಹತ್ತಿದಂಗ ಮಾಡ್ತೈತಿ, ಆರಿ ಹೋಗ್ತೈತ್ರಿ. ಅಕ್ಕಿ ತೊಳದ ಇಟ್ಟಾರ, ಹಬೀನ ಇಲ್ಲ."

ಬರ್ನರಿನಲ್ಲಿ ಉರಿಯನ್ನು ನೋಡುವ ಒಂದು ಸಣ್ಣ ಗಾಜಿನ ಕಣ್ಣಿರುತ್ತದೆ. ಉರಿ ಕಾಣದಿದ್ದರೆ ಅದು ಡೀಸೆಲ್ ನಿಲ್ಲಿಸಿಬಿಡುತ್ತದೆ. ಮಸಿ ಹಿಡಿದಿರಬೇಕು ಎಂದುಕೊಂಡು, ಶಲ್ಯ ಸರಿಪಡಿಸಿಕೊಳ್ಳುತ್ತಲೇ, "ಕಣ್ಣು ತೆಗೆದು ಒರೆಸಿ ಹಾಕಪ್ಪಾ, ಅಷ್ಟೇ" ಎಂದೆ. ಕೂತಲ್ಲಿಂದಲೇ ರೋಗ ಹೇಳಿದ ವೈದ್ಯನ ಗತ್ತು. ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಒರಸಿ ಹಾಕೇನ್ರಿ. ಮೊದಲ ಎರಡ ನಿಮಿಷರ ಉರೀತಿತ್ತು. ಈಗ ಅದೂ ಇಲ್ರಿ."

ಗೀತಾ ಹೂವಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೋಗಿ ಅಂತ ನಾನ್ ಹೇಳಲ್ಲ. ಹೋಗ್ಬೇಡಿ ಅಂತಾನೂ ಹೇಳಲ್ಲ" ಎಂದಳು. ಆಮೇಲೆ ಕೇಳಿದಳು, "ಯಾರಿಗೆ ಅಡುಗೆ ಅಲ್ಲಿ?"

"ಸರ್ಕಾರಿ ಸ್ಕೂಲ್ ಮಕ್ಕಳಿಗೆ. ಆರು ಸಾವಿರ ಮಕ್ಕಳು."

ಅವಳು ತಟ್ಟೆಯನ್ನು ಕಿಟಕಿಯಲ್ಲಿಟ್ಟಳು. "ಮತ್ತೆ ಇನ್ನೂ ಯಾಕ್ರೀ ನಿಂತಿದ್ದೀರಾ? ಮಂಜುಗೆ ನಾನ್ ಹೇಳ್ತೀನಿ, ಹೊರಡಿ!"

ಬಟ್ಟೆ ಬದಲಿಸುವ ಯೋಚನೆ ಬಂದದ್ದು ಸಿಲ್ಕ್ ಬೋರ್ಡ್ ದಾಟಿದ ಮೇಲೆ. ಪಂಚೆ ಹಾಯಿಯಂತೆ ಉಬ್ಬಿ, ಸ್ಕೂಟರ್ ತಾನಾಗಿಯೇ ಎಡಕ್ಕೆ ಎಳೆಯುತ್ತಿತ್ತು. ಮಾರತ್ತಹಳ್ಳಿಯ ಹತ್ತಿರ ವಾಹನಗಳು ಅಲುಗದೆ ನಿಂತಾಗ ಪಕ್ಕದ ಟೆಂಪೋದವನು ಕತ್ತು ಹೊರಹಾಕಿ, "ಮುಹೂರ್ತ ಎಷ್ಟೊತ್ತಿಗೆ ಗುರು?" ಎಂದ. ಊಟದ ವ್ಯಾನುಗಳು ಹೊರಡುವುದು ಹತ್ತೂವರೆಗೆ. "ಹತ್ತೂವರೆಗೆ" ಎಂದೆ. ಪುಣ್ಯಾತ್ಮ, ತನ್ನ ಟೆಂಪೋವನ್ನು ಒಂದಡಿ ಹಿಂದೆ ಸರಿಸಿ, "ಏಯ್, ಮದುವೆ ಗಂಡು ಕಣ್ರೋ, ಜಾಗ ಬಿಡ್ರೋ!" ಎಂದು ಕೂಗಿದ. ನಲವತ್ತೆಂಟರ ಮದುವೆ ಗಂಡಿಗೆ ನಾಲ್ಕು ಕಾರುಗಳು ದಾರಿ ಬಿಟ್ಟವು. ನಾನು ತಿದ್ದಲು ಹೋಗಲಿಲ್ಲ.

ಅಡುಗೆಮನೆ ತಲುಪಿದಾಗ ಎಂಟೂಕಾಲು. ಒಳಗೆ ಹೋಗುವವರೆಲ್ಲ ಬಿಳಿ ಕೋಟು, ತಲೆಗೆ ಟೋಪಿ ಹಾಕಬೇಕೆಂಬ ನಿಯಮ. ಶಲ್ಯ ತೆಗೆದು ಅವನ್ನು ಹಾಕಿಕೊಂಡೆ. ಆಳುದ್ದದ ಕೊಪ್ಪರಿಗೆಗಳು ತಣ್ಣಗೆ ಸಾಲಾಗಿ ನಿಂತಿದ್ದವು. ಬೇಳೆ ನೀರಿನಲ್ಲಿ ಮುಳುಗಿತ್ತು. ತರಕಾರಿ ಹೆಚ್ಚಿ ಮುಗಿಸಿದ್ದ ಇಪ್ಪತ್ತು ಮೂವತ್ತು ಹೆಂಗಸರು ಕೈಕಟ್ಟಿ ಕೂತಿದ್ದರು. ಯಾವಾಗಲೂ ಸಂತೆಯಂತಿರುವ ಆ ಜಾಗದ ಮೌನ ಕಂಡು ನನ್ನ ಗತ್ತೆಲ್ಲ ಇಳಿಯಿತು. ಅಲ್ಲಿನ ಉಸ್ತುವಾರಿ ವಸಂತಾ ಮೇಡಂ ನನ್ನ ಪಂಚೆಯ ಜರಿಯನ್ನು ಒಮ್ಮೆ ನೋಡಿದರು. "ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ ಸಾರ್, ಬಿಸ್ಕತ್ತಾದ್ರೂ ಕಳಿಸ್ತೀನಿ. ಎಷ್ಟೋ ಮಕ್ಕಳು ಬೆಳಿಗ್ಗೆ ಏನೂ ತಿಂದೇ ಇರಲ್ಲ" ಎಂದರು.

"ಅರ್ಧ ಗಂಟೆ ಕೊಡಿ ಮೇಡಂ" ಎಂದೆ. ಕಚ್ಚೆ ಕಟ್ಟಿ ನೆಲಕ್ಕೆ ಕೂತೆ. ಡೀಸೆಲ್ ಬರುವ ಪೈಪು ಬಿಚ್ಚಿದೆ. ಅಲ್ಲಿದ್ದ ಡೀಸೆಲ್ ಪೂರ್ತಿ ಅತ್ತೆಯ ಪಂಚೆಯ ಮೇಲೆ ಇಳಿಯಿತು. ಫಿಲ್ಟರ್ ತೊಳೆದೆ. ಕಿಡಿ ಹಾರಿಸುವ ಕಡ್ಡಿಗಳನ್ನು ಉಜ್ಜಿದೆ. ಪಂಪ್ ನೋಡಿದೆ. ಹತ್ತಿಸಿದರೆ ಭುಗ್ಗೆಂದು ಹತ್ತುತ್ತಿತ್ತು, ಐದು ಎಣಿಸುವುದರಲ್ಲಿ ಆರುತ್ತಿತ್ತು. ಕೇಳಿದ ಅರ್ಧ ಗಂಟೆ ಮುಗಿದು ಹೋಯಿತು. ಬೆನ್ನ ಹಿಂದೆ ಯಾರೋ ಹೆಂಗಸು, "ಪೂಜೆ ಬಿಟ್ಟು ಬಂದವ್ರೆ, ಪಾಪ" ಎಂದದ್ದು ಕೇಳಿ ಕಿವಿ ಬಿಸಿಯಾಯಿತು. ಎಲ್ಲ ಮುಗಿದ ಮೇಲೆ, ಬೇರೆ ದಾರಿ ತೋಚದೆ, "ಬಸವರಾಜ, ಆ ಕಣ್ಣು ಹೇಗೆ ಹಾಕಿದೆ?" ಎಂದು ಕೇಳಿದೆ.

"ಹೆಂಗ ಅಂದ್ರ? ತೂತಿನಾಗ ಕುಂದ್ರಿಸೇನ್ರಿ."

ಎಳೆದು ನೋಡಿದೆ. ಕಣ್ಣು ಫಳಫಳ ಹೊಳೆಯುತ್ತಿತ್ತು, ಅಷ್ಟು ಚೆನ್ನಾಗಿ ಒರೆಸಿದ್ದ. ಆದರೆ ಹಿಂದುಮುಂದಾಗಿ ಕೂತಿತ್ತು. ಉರಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿದ್ದ ಕಣ್ಣಿಗೆ ಉರಿ ಕಾಣುವುದಾದರೂ ಹೇಗೆ? ತಿರುಗಿಸಿ ಹಾಕಿದೆ. ಗುಂಡಿ ಒತ್ತಿದೆ. ಐದು ಎಣಿಸಿದೆ, ಹತ್ತು ಎಣಿಸಿದೆ, ಇಪ್ಪತ್ತು. ಉರಿ ಆರಲಿಲ್ಲ. ಹಬೆಯ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿತು. ಸ್ವಲ್ಪ ಹೊತ್ತಿಗೆ ಕೊಪ್ಪರಿಗೆಗಳಿಗೆ ಹಬೆ ನುಗ್ಗುವ ಸದ್ದು ಕೇಳಿ ಹೆಂಗಸರೆಲ್ಲ ಹೋ ಎಂದು ಎದ್ದರು.

"ಏನಾಗಿತ್ತು ಸಾರ್?" ವಸಂತಾ ಮೇಡಂ ಕೇಳಿದರು. ಬಸವರಾಜ ತಲೆ ತಗ್ಗಿಸಿದ. ಇಂಥ ಸಮಯಕ್ಕೆಂದೇ ನಮ್ಮ ಕಸುಬಿನಲ್ಲಿ ಯಾರಿಗೂ ಅರ್ಥವಾಗದ ಕೆಲವು ಇಂಗ್ಲಿಷ್ ಪದಗಳಿವೆ. ಒಂದು ನಾಲಿಗೆಯ ತುದಿಗೂ ಬಂತು. ಆದರೆ ಅವನ ಬಗ್ಗಿದ ಕತ್ತು ನೋಡಿ ಅದು ಹೊರಡಲಿಲ್ಲ. "ತಪ್ಪು ನನ್ನದೇ ಮೇಡಂ. ಫೋನಲ್ಲಿ ಒರೆಸು ಅಂದೆ, ಯಾವ ಕಡೆ ಮುಖ ಮಾಡಿ ಹಾಕ್ಬೇಕು ಅಂತ ಹೇಳ್ಲಿಲ್ಲ. ಅವನು ಹೇಳಿದ್ದನ್ನ ಸರಿಯಾಗೇ ಮಾಡಿದಾನೆ" ಎಂದೆ. ಮೇಡಂ ನಕ್ಕರು. "ಆದ್ರೂ ಬಂದ್ರಲ್ಲ ಸಾರ್, ಅದು ದೊಡ್ಡದು."

ವ್ಯಾನುಗಳು ಹೊರಟಾಗ ಹತ್ತು ಮುಕ್ಕಾಲು. ಮೊದಲ ವ್ಯಾನು ಗೇಟು ದಾಟುವುದನ್ನು ನೋಡುತ್ತ ನಿಂತೆ. ಆ ಕ್ಷಣ ಯಾರಾದರೂ ಬಂದು ಬೇರೆ ಕೆಲಸ ಕೊಡುತ್ತೇನೆಂದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಡೀಸೆಲ್ ವಾಸನೆಯ ಪಂಚೆ ಅಂಗಿಗಳನ್ನು ಚೀಲಕ್ಕೆ ತುಂಬಿದ್ದಾಯಿತು. ಬಸವರಾಜ ತನ್ನ ಇನ್ನೊಂದು ಪ್ಯಾಂಟ್ ಕೊಟ್ಟ, ಮೇಡಂ ಹೊಸ ಬಿಳಿ ಕೋಟು ಕೊಟ್ಟರು. ಅದೇ ವೇಷದಲ್ಲಿ ಒಂದು ಗಂಟೆಗೆ ಸಿಂಗಸಂದ್ರ ಮುಟ್ಟಿದೆ. ಪೂಜೆ ಮುಗಿದು, ಮಾಳಿಗೆಯಲ್ಲಿ ಎರಡನೇ ಪಂಕ್ತಿ ಕೂತಿತ್ತು. ಎಲ್ಲರೆದುರು ಹೇಗೆ ಕತೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಿ ಉಸಿರೆಳೆಯಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಬಂದಿದ್ದೆ. ಮೆಟ್ಟಿಲು ಹತ್ತಿ ಗಂಟಲು ಸರಿಮಾಡಿಕೊಂಡೆ. ಪಂಕ್ತಿಯ ಮೊದಲಲ್ಲೇ ಕೂತಿದ್ದ, ಮಂಜುನಾಥನ ಹೆಂಡತಿಯ ಕಡೆಯ ತಾತನೊಬ್ಬರು ನನ್ನ ಬಿಳಿ ಕೋಟು ನೋಡಿ, "ಏ ಹುಡುಗಾ, ಆಗಿಂದ ಕೇಳ್ತಿದೀನಿ, ಸಾರು ತಗೊಂಬಾರೋ" ಎಂದರು.

ಅನ್ನ ಆರುತ್ತಿತ್ತು, ನಾನು ಬಕೆಟ್ ಎತ್ತಿಕೊಂಡೆ. ಸಾರು ಬಡಿಸಿದೆ, ಹುಳಿ ಬಡಿಸಿದೆ, ಪಾಯಸಕ್ಕೆ ಎರಡು ಸುತ್ತು ಹೋದೆ. ಕೊನೆಗೆ ತಾತ ಎಲೆ ಮಡಚುತ್ತ ಅಡುಗೆ ಭಟ್ಟರನ್ನು ಕರೆದು, "ಹುಡುಗ ಚುರುಕಾಗಿದಾನೆ, ಬಿಡ್ಬೇಡಿ ಇವನನ್ನ" ಎಂದು ಶಿಫಾರಸು ಮಾಡಿದರು. ಅಷ್ಟರಲ್ಲಿ ಗೀತಾ ನನ್ನನ್ನು ಕಂಡು ಓಡಿಬಂದಳು. "ಏನಾಯ್ತ್ರೀ? ಮಕ್ಕಳಿಗೆ ಊಟ ಹೋಯ್ತಾ?"

ಆರು ಸಾವಿರ ಮಕ್ಕಳ ಊಟ, ಇಪ್ಪತ್ತೆರಡು ವರ್ಷದ ಅನುಭವ, ಜೋಡಿಸಿಟ್ಟ ಕತೆ, ಎಲ್ಲ ಇದ್ದರೂ ನನ್ನ ಬಾಯಿಂದ ಮೊದಲು ಬಂದ ಮಾತು ಇದು:

"ಗೀತಾ, ಅವರು ನನ್ನನ್ನ ಹುಡುಗ ಅಂದ್ರು ಕಣೇ!"